ಹಗಲಿರುಳು ಸರಿತೂಗುವ ದಿನದ ಸುಗ್ಗಿ

ಸೆಪ್ಟೆಂಬರ್ ತಿಂಗಳ 22 ಅಥವಾ 23ನೆಯ ತಾರೀಖಿನ ಚೌಕದಲ್ಲಿ ಅಮೆರಿಕದ ಗೋಡೆ ಕ್ಯಾಲೆಂಡರುಗಳು ‘ಶರತ್ಕಾಲದ ಮೊದಲ ದಿನ’ ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚುಮಾಡಿರುತ್ತವೆ. ಅಂಚೆ ಕಚೇರಿಗೆ ಅಂದು ರಜೆಯಿಲ್ಲ. ಶಾಲೆಗಳು ಎಂದಿನಂತೆ ನಡೆಯುತ್ತವೆ. ಅಂಗಡಿಗಳಲ್ಲಿ ಹ್ಯಾಲೋವೀನಿನ ಕುಂಬಳಕಾಯಿಗಳು ಆಗಲೇ ಬಂದು ಕುಳಿತಿರುತ್ತವೆ. ಸೂರ್ಯನು ಭೂಮಧ್ಯರೇಖೆಯ ನೇರಕ್ಕೆ ಬಂದು ದಕ್ಷಿಣಕ್ಕೆ ದಾಟುವ ಈ ಗಳಿಗೆಯನ್ನು ನಮ್ಮ ಹಿಂದಿನವರು ವಿಷುವವೆಂದು ಕರೆದರು. ಅಂದು ಹಗಲೂ ಇರುಳೂ ಸಮವೆಂದು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಸೂರ್ಯನು ಬರಿಯ ಚುಕ್ಕೆಯಾಗಿರದೆ ಬಿಂಬವಾಗಿರುವುದರಿಂದಲೂ, ಭೂಮಿಯ ಮೇಲಣ ಗಾಳಿ ಬೆಳಕನ್ನು ಬಾಗಿಸುವುದರಿಂದಲೂ, ಅಂದು ವಾಸ್ತವದಲ್ಲಿ ಹಗಲೇ ಕೆಲವು ನಿಮಿಷ ಹೆಚ್ಚು. ನಾನಿರುವ ಓಹಾಯೋ ರಾಜ್ಯದಲ್ಲಿ ನಿಜವಾದ ಸಮತೆ ಬರುವುದು ಮೂರು ನಾಲ್ಕು ದಿನಗಳ ಅನಂತರ. ಹಬ್ಬ ಮಾಡುವವರು ಆ ಲೆಕ್ಕಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ.

ಹೌದು, ಈ ದಿನವನ್ನು ಹಬ್ಬವಾಗಿ ಆಚರಿಸುವ ಜನ ನಮ್ಮ ನೆರೆಹೊರೆಯಲ್ಲೇ ಇದ್ದಾರೆ. ಅವರು ತಮ್ಮನ್ನು ಪೇಗನ್ನರೆಂದು ಕರೆದುಕೊಳ್ಳುತ್ತಾರೆ. ಆ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಓರಗೆಯವರಲ್ಲಿ ಅನೇಕರಿಗೆ ಹಳೆಯ ಇಂಗ್ಲಿಷ್ ಪುಸ್ತಕಗಳು ನೆನಪಾಗಬಹುದು. ವಿಗ್ರಹಗಳನ್ನು ಪೂಜಿಸುವ ನಮ್ಮ ಅಜ್ಜ ಅಜ್ಜಿಯರನ್ನು ಅವು ಇದೇ ಹೆಸರಿನಿಂದ ಕರೆದಿದ್ದವಷ್ಟೆ! ಲ್ಯಾಟಿನ್ ಭಾಷೆಯಲ್ಲಿ ‘ಪಾಗಾನುಸ್’ ಎಂದರೆ ಮೊದಲಿಗೆ ಹಳ್ಳಿಗ, ನಾಡಾಡಿ ಎಂದಷ್ಟೇ ಅರ್ಥವಿತ್ತು. ಕ್ರೈಸ್ತಮತ ಹರಡಿದ ಕಾಲದಲ್ಲಿ ಅದು ಬೈಗುಳವಾಯಿತು. ಆ ಬೈಗುಳವನ್ನು ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ತಾವಾಗಿಯೇ ಎತ್ತಿಕೊಂಡು ಬಿರುದಿನಂತೆ ಧರಿಸಿದರು.

ಇವರ ಧರ್ಮ ಎಷ್ಟು ಹಳೆಯದು? ಅವರಲ್ಲಿ ಕೆಲವರು ಇಂದಿಗೂ ಕಲ್ಲಿನ ಯುಗಕ್ಕೆ ಕೈ ತೋರಿಸುತ್ತಾರೆ. ಇತಿಹಾಸಕಾರರು ಹಾಗೆ ಹೇಳುವುದಿಲ್ಲ. ಇಂದಿನ ಪೇಗನ್ ಪಂಥಗಳಲ್ಲಿ ಹೆಸರಾದದ್ದು ವಿಕ್ಕಾ. ಅದನ್ನು ಲೋಕಕ್ಕೆ ಪರಿಚಯಿಸಿದವರು 1884ರಲ್ಲಿ ಹುಟ್ಟಿದ ಜೆರಾಲ್ಡ್ ಗಾರ್ಡ್ನರ್ ಎಂಬ ಆಂಗ್ಲರು. ಸಿಂಹಳದ ಚಹಾ ತೋಟಗಳಲ್ಲಿಯೂ ಮಲಯದ ರಬ್ಬರ್ ತೋಟಗಳಲ್ಲಿಯೂ ದುಡಿದು, ಅಲ್ಲಿಯೇ ಸುಂಕದ ಇಲಾಖೆಯಲ್ಲಿ ನೌಕರಿ ಮಾಡಿ, ನಿವೃತ್ತರಾಗಿ ಊರಿಗೆ ಮರಳಿದ ಮನುಷ್ಯ. ತಮಗೆ ಗುಟ್ಟಾಗಿ ಉಳಿದುಬಂದಿದ್ದ ಪುರಾತನ ಮಾಟಗಾರ್ತಿಯರ ಕೂಟವೊಂದರಲ್ಲಿ ದೀಕ್ಷೆಯಾಯಿತೆಂದು ಅವರು ಹೇಳಿಕೊಂಡರು. ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧವಿದ್ದ ಕಾಯಿದೆ ರದ್ದಾದುದು 1951ರಲ್ಲಿ. ಗಾರ್ಡ್ನರರ ‘ವಿಚ್‌ಕ್ರಾಫ್ಟ್ ಟುಡೇ’ ಹೊರಬಂದುದು 1954ರಲ್ಲಿ. ಅವರ ಶಿಷ್ಯೆ ಡೋರೀನ್ ವ್ಯಾಲಿಯಂಟೆ ಪೂಜೆಯ ಪಾಠಗಳನ್ನು ತಿದ್ದಿ, ಅನೇಕವನ್ನು ಹೊಸದಾಗಿಯೇ ರಚಿಸಿ, ಅವಕ್ಕೆ ಕಾವ್ಯದ ಕಳೆ ತಂದರು. ಗಾರ್ಡ್ನರರ ಗೆಳೆಯರಾದ ರಾಸ್ ನಿಕೋಲ್ಸ್ 1964ರಲ್ಲಿ ಡ್ರುಯಿಡರ ಹೊಸ ಸಂಘವೊಂದನ್ನು ಕಟ್ಟಿದರು. ವರ್ಷವನ್ನು ಎಂಟು ಅರೆಗಳ ಚಕ್ರವಾಗಿ ಕಾಣುವ ಪದ್ಧತಿ ಈ ಇಬ್ಬರ ಬಳಗಗಳಲ್ಲಿ, 1950ರ ದಶಕದ ಕೊನೆಯಿಂದ ಮುಂದಕ್ಕೆ, ನೆಲೆಗೊಂಡಿತು. ಎರಡು ಅಯನಗಳು, ಎರಡು ವಿಷುವಗಳು, ಅವುಗಳ ನಡುನಡುವೆ ನಾಲ್ಕು ಹಬ್ಬಗಳು. ಹೀಗೆ ಸುಮಾರು ಆರೂವರೆ ವಾರಕ್ಕೊಂದು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರರಾದ ರೊನಾಲ್ಡ್ ಹಟನ್ 1999ರಲ್ಲಿ ಪ್ರಕಟಿಸಿದ ‘ದಿ ಟ್ರಯಂಫ್ ಆಫ್ ದಿ ಮೂನ್’ ಎಂಬ ಗ್ರಂಥದಲ್ಲಿ ಈ ಕಥೆಯನ್ನೆಲ್ಲ ಬಿಡಿಸಿಟ್ಟಿದ್ದಾರೆ. ನನ್ನ ಮೆಚ್ಚುಗೆಗೆ ಕಾರಣವಾದ ಸಂಗತಿಯೆಂದರೆ, ಅದನ್ನು ಓದಿದ ಪೇಗನ್ನರಲ್ಲಿ ಬಹುಮಂದಿ ಸಿಟ್ಟಾಗಲಿಲ್ಲ. ‘ನಮ್ಮದು ಹೊಸದೇ, ಆದರೇನಂತೆ?’ ಎಂದರು.

ಶರತ್ ವಿಷುವದ ಹಬ್ಬಕ್ಕೆ ಅಮೆರಿಕದಲ್ಲಿ ರೂಢಿಯಾಗಿರುವ ಹೆಸರು ಮಾಬನ್. ಈ ಹೆಸರಿನ ವಯಸ್ಸು ನನ್ನ ವಯಸ್ಸಿಗಿಂತ ಕಿರಿದು. 1974ರಲ್ಲಿ ಕ್ಯಾಲಿಫೋರ್ನಿಯದ ಏಡನ್ ಕೆಲ್ಲಿ ಎಂಬವರು ಪೇಗನ್ ಪಂಚಾಂಗವೊಂದನ್ನು ಸಿದ್ಧಪಡಿಸುತ್ತಿದ್ದಾಗ, ಉಳಿದ ಹಬ್ಬಗಳಿಗೆಲ್ಲ ಸೊಗಸಾದ ಹಳೆಯ ಹೆಸರುಗಳಿದ್ದು ಇದಕ್ಕೆ ಮಾತ್ರ ‘ಶರತ್ ವಿಷುವ’ ಎಂಬ ಒಣ ಹೆಸರಿರುವುದು ಅವರಿಗೆ ರುಚಿಸಲಿಲ್ಲ. ಗ್ರೀಸಿನಲ್ಲಿ, ಅಥೆನ್ಸಿನ ಸಮೀಪದ ಎಲ್ಯೂಸಿಸಿನಲ್ಲಿ, ಇದೇ ಋತುವಿನಲ್ಲಿ ಧಾನ್ಯದೇವತೆ ಡಿಮೀಟರಳ ರಹಸ್ಯ ವ್ರತಗಳು ನಡೆಯುತ್ತಿದ್ದವು. ಪಾತಾಳದ ದೊರೆ ಅವಳ ಮಗಳನ್ನು ಕದ್ದೊಯ್ದ ಕಥೆ ಅದು. ತಾಯಿ ಮುನಿದು ಪೈರನ್ನೆಲ್ಲ ಒಣಗಿಸಿದಳು. ದಾಳಿಂಬೆಯ ಕಾಳುಗಳನ್ನು ತಿಂದ ತಪ್ಪಿಗೆ ಮಗಳು ವರ್ಷದ ಒಂದು ಭಾಗವನ್ನು ಕತ್ತಲೆಯಲ್ಲಿ ಕಳೆಯಬೇಕಾಯಿತು. ಇಂಥ ಕಥೆ ಉತ್ತರ ಯೂರೋಪಿನಲ್ಲಿ ಇದೆಯೆ ಎಂದು ಹುಡುಕಿದ ಕೆಲ್ಲಿಯವರಿಗೆ ವೇಲ್ಸಿನ ಪ್ರಾಚೀನ ಕಥೆಯೊಂದರಲ್ಲಿ ಸಿಕ್ಕವನು ಮಾಬನ್, ಮೋಡ್ರನಳ ಮಗ. ಹೆಸರಿನ ಅರ್ಥವಾದರೂ ಅಷ್ಟೇ: ತಾಯಿಯ ಮಗ.

ಆ ಕಥೆಯನ್ನು ನಾನು ‘ಮ್ಯಾಬಿನೋಗಿಯನ್’ ಎಂಬ ಸಂಕಲನದ ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಹುಟ್ಟಿ ಮೂರು ರಾತ್ರಿಗಳಾಗಿದ್ದ ಹಸುಳೆ ಮಾಬನ್, ತಾಯಿಯ ಮಗ್ಗುಲಿನಿಂದ ಕಾಣೆಯಾಗುತ್ತಾನೆ. ಕಾಲಾಂತರದಲ್ಲಿ ಅವನನ್ನು ಅರಸುತ್ತ ಬಂದ ಅರ್ಥರ್ ದೊರೆಯ ಭಟರು ಒಂದು ಕರಿಹಕ್ಕಿಯನ್ನು ಕೇಳುತ್ತಾರೆ. ಕಮ್ಮಾರನ ಅಡಿಗಲ್ಲನ್ನು ದಿನವೂ ಕೊಕ್ಕಿನಿಂದ ಉಜ್ಜಿ ಉಜ್ಜಿ ಸವೆಸಿದಷ್ಟು ವಯಸ್ಸಾದ ಹಕ್ಕಿಗೂ ಅವನ ಸುದ್ದಿ ಗೊತ್ತಿಲ್ಲ. ತನಗಿಂತ ಹಿರಿಯವನಾದ ಜಿಂಕೆಯ ಬಳಿಗೆ ಕಳುಹಿಸುತ್ತದೆ. ಜಿಂಕೆ ಗೂಬೆಯ ಕಡೆಗೆ, ಗೂಬೆ ಹದ್ದಿನ ಕಡೆಗೆ, ಹದ್ದು ನದಿಯ ಸಾಲ್ಮನ್ ಮೀನಿನ ಕಡೆಗೆ ಬೆರಳು ತೋರಿಸುತ್ತವೆ. ಎಲ್ಲರಿಗಿಂತ ಹಿರಿಯನಾದ ಆ ಮೀನು ಭಟರಿಬ್ಬರನ್ನು ಹೆಗಲ ಮೇಲೆ ಹೊತ್ತು, ಸೆರೆಮನೆಯ ಗೋಡೆಯೊಳಗಿಂದ ಅಳು ಕೇಳಿಸುವ ಗ್ಲೌಸ್ಟರ್ ಕೋಟೆಗೆ ಒಯ್ಯುತ್ತದೆ. ಓದುತ್ತಿದ್ದಂತೆ ನನಗೆ ಅರಣ್ಯಪರ್ವದ ಇಂದ್ರದ್ಯುಮ್ನ ಎದುರಿಗೆ ಬಂದು ನಿಂತ. ಸ್ವರ್ಗದಿಂದ ಜಾರಿಬಿದ್ದ ಆ ರಾಜ ತನ್ನನ್ನು ನೆನೆಯುವವರು ಭೂಮಿಯಲ್ಲಿ ಯಾರಾದರೂ ಉಳಿದಿರುವರೆ ಎಂದು ಮಾರ್ಕಂಡೇಯನನ್ನು ಕೇಳಿ, ಅಲ್ಲಿಂದ ಗೂಬೆಯ ಬಳಿಗೆ, ಗೂಬೆಯಿಂದ ಕೊಕ್ಕರೆಯ ಬಳಿಗೆ, ಕೊಕ್ಕರೆಯಿಂದ ಅಕೂಪಾರನೆಂಬ ಆಮೆಯ ಬಳಿಗೆ ಹೋದುದಿಲ್ಲವೆ! ಆಮೆ ಅವನನ್ನು ಗುರುತಿಸಿ ಕಣ್ಣೀರಿಟ್ಟಿತು. ಎಲ್ಲಿಯ ವೇಲ್ಸ್, ಎಲ್ಲಿಯ ವ್ಯಾಸರು!

ಆದರೆ ಮಾಬನನ ಕಥೆಯಲ್ಲಿ ಸುಗ್ಗಿಯ ಮಾತಿಲ್ಲ, ವಿಷುವದ ಸುಳಿವಿಲ್ಲ. ಹೆಸರನ್ನು ಹಬ್ಬಕ್ಕೆ ತಂದು ಅಂಟಿಸಿದ್ದು ಕೆಲ್ಲಿಯವರೇ. ಅದನ್ನು ಅವರು ಮುಚ್ಚಿಟ್ಟೂ ಇಲ್ಲ. ಪೇಗನ್ನರಲ್ಲಿಯೇ ಕೆಲವರಿಗೆ ಈ ಹೆಸರು ಹಿಡಿಸದು. ಡ್ರುಯಿಡರು ‘ಆಲ್ಬನ್ ಎಲ್ವೆಡ್’ ಎನ್ನುತ್ತಾರೆ. ಅದಾದರೂ, 1792ರಲ್ಲಿ ಲಂಡನ್ನಿನ ಪ್ರಿಮ್ರೋಸ್ ಗುಡ್ಡದ ಮೇಲೆ ಕವಿಗಳ ಕೂಟ ನೆರೆಯಿಸಿದ, ಹಳೆಯದೆಂದು ಹೇಳಿ ತಾವೇ ಬರೆದು ಹಂಚುವುದರಲ್ಲಿ ನಿಸ್ಸೀಮರಾಗಿದ್ದ ಯೋಲೋ ಮೋರ್ಗಾನುಗ್ ಎಂಬ ವೇಲ್ಸ್ ಕವಿಯ ಬರಹಗಳಿಂದ ಬಂದುದು.

ಹೆಸರು ಹೊಸದಾದರೂ ಹಬ್ಬದ ಸಾಮಗ್ರಿ ಎಲ್ಲವೂ ಹೊಸದಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕೊಯ್ಲಿನ ಕೊನೆಯ ಬಂಡಿ ಮನೆಗೆ ಬರುವಾಗ ಹಾಡು, ಕೂಗು, ಧಣಿಯ ಮನೆಯಲ್ಲಿ ಆಳುಕಾಳುಗಳಿಗೆಲ್ಲ ಭೋಜನ ನಡೆಯುತ್ತಿದ್ದವು. ಗದ್ದೆಯ ಕೊನೆಯ ಸಿವುಡನ್ನು ಹೆಣೆದು ಬೊಂಬೆ ಮಾಡಿ ಮನೆಯಲ್ಲಿ ತೂಗುಹಾಕುವರು. ಧಾನ್ಯದ ಚೈತನ್ಯ ಆ ಸಿವುಡಿನಲ್ಲಿ ಅಡಗಿ ಕೂರುತ್ತದೆಂದು ಇದನ್ನು ವಿವರಿಸಿ ಜನಪ್ರಿಯಗೊಳಿಸಿದವರು 1890ರಲ್ಲಿ ‘ದಿ ಗೋಲ್ಡನ್ ಬೌ’ ಪ್ರಕಟಿಸಿದ ಫ್ರೇಜರ್. ಆ ವಿವರಣೆಯನ್ನು ಇಂದಿನ ವಿದ್ವಾಂಸರು ಅಷ್ಟಾಗಿ ಒಪ್ಪುವುದಿಲ್ಲ. ಆದರೆ ಬೊಂಬೆ ಇದ್ದುದು ನಿಜ. ಇಂಗ್ಲಿಷಿನಲ್ಲಿ ಇದನ್ನು ‘ಕಾರ್ನ್ ಡಾಲಿ’ ಎನ್ನುವರು. ಅಮೆರಿಕಕ್ಕೆ ಬಂದ ನಮಗೆ ಕಾರ್ನ್ ಎಂದರೆ ಮೆಕ್ಕೆಜೋಳ. ಅಲ್ಲಿಯವರಿಗೆ ಅದು ಗೋಧಿ, ಬಾರ್ಲಿ. ಚರ್ಚುಗಳಲ್ಲಿ ಈಗ ನಡೆಯುವ ಸುಗ್ಗಿಯ ಪ್ರಾರ್ಥನೆಯೂ ಬಹಳ ಹಳೆಯದಲ್ಲ. ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಎಂಬ ಊರಿನ ಪಾದ್ರಿ ರಾಬರ್ಟ್ ಹಾಕರ್ 1843ರಲ್ಲಿ ಅದಕ್ಕೆ ನಾಂದಿ ಹಾಡಿದರು.

ಹುಲ್ಲಿನ ಈ ಬೊಂಬೆಯ ಚಿತ್ರವನ್ನು ನೋಡಿದಾಗ ನನಗೆ ನೆನಪಾದದ್ದು ಉಡುಪಿಯ ಕಡೆಯ ನನ್ನ ತವರುಮನೆಯ ಕದಿರು. ನವರಾತ್ರಿಯ ಸುಮಾರಿಗೆ ಗದ್ದೆಯಿಂದ ಹೊಸ ತೆನೆಯನ್ನು ಕೊಯ್ದು ತಲೆಯ ಮೇಲಿಟ್ಟು ತರುವರು. ತುಳಸಿಕಟ್ಟೆಯ ಮುಂದಿಟ್ಟು ಪೂಜಿಸಿ, ಮಾವು ಹಲಸು ಬಿದಿರುಗಳ ಎಲೆಗಳಲ್ಲಿ ಸುತ್ತಿ, ನಾರಿನಿಂದ ಬಿಗಿದು, ಹೆಬ್ಬಾಗಿಲಿಗೆ, ಬಾವಿಯ ರಾಟೆಗೆ, ಹಟ್ಟಿಗೆ, ನೇಗಿಲಿಗೆ ಕಟ್ಟುವರು. ಹೊಸ ಅಕ್ಕಿಯ ನಾಲ್ಕು ಕಾಳನ್ನು ಅನ್ನದಲ್ಲಿ ಬೆರೆಸಿ, ಹಿರಿಯರ ಅಪ್ಪಣೆ ಪಡೆದು ಉಣ್ಣುವುದಕ್ಕೆ ‘ಹೊಸ್ತು’ ಎನ್ನುತ್ತಿದ್ದೆವು. ಕಟ್ಟಿದ ಕದಿರು ಮುಂದಿನ ವರ್ಷದವರೆಗೆ ಬಾಗಿಲಲ್ಲಿರುತ್ತದೆ. ಈಗಲೂ ನನ್ನ ತಮ್ಮ ಕಟ್ಟುತ್ತಾನೆ. ಆದರೆ ನಮ್ಮ ಗದ್ದೆಗಳಲ್ಲಿ ಬೇಸಾಯ ನಿಂತು ವರ್ಷಗಳಾದವು. ಆಳುಗಳಿಲ್ಲ, ಹುಟ್ಟುವಳಿಗಿಂತ ಖರ್ಚು ಹೆಚ್ಚು. ಕದಿರನ್ನು ದೇವಸ್ಥಾನದಲ್ಲಿ ಹಂಚುತ್ತಾರೆ, ಅವನು ಸ್ಕೂಟರಿನಲ್ಲಿ ತರುತ್ತಾನೆ.

ಈ ಹಬ್ಬವನ್ನು ನಾನು ಕಣ್ಣಾರೆ ಕಂಡುದು 2025ರಲ್ಲಿ. ವಿಷುವ ಆ ವರ್ಷ ಸೆಪ್ಟೆಂಬರ್ 22ರ ಸೋಮವಾರ ಬಂದಿತ್ತು. ಸೋಮವಾರ ಯಾರಿಗೆ ಬಿಡುವು? ನಮ್ಮ ಯುಗಾದಿ, ರಾಜ್ಯೋತ್ಸವಗಳಂತೆಯೇ ಅದೂ ಶನಿವಾರಕ್ಕೆ ಸರಿದಿತ್ತು. ನೆರೆಮನೆಯಾಕೆ ಆಸ್ಪತ್ರೆಯೊಂದರಲ್ಲಿ ದಾದಿ; ಇಪ್ಪತ್ತು ವರ್ಷಗಳ ಪರಿಚಯ. ‘ನಿಮ್ಮ ದಸರೆಗೆ ನಾನು ಪ್ರತಿ ವರ್ಷವೂ ಬರುತ್ತೇನೆ. ಈ ಬಾರಿ ನಮ್ಮಲ್ಲಿಗೆ ನೀವು ಬನ್ನಿ’ ಎಂದರು. ಪಿತೃಪಕ್ಷದ ದಿನಗಳು, ಅಂಥದಕ್ಕೆಲ್ಲ ಹೋಗಬಹುದೇ ಎಂದು ನಮ್ಮ ಯಜಮಾನರು ಅನುಮಾನಿಸಿದರು. ಬೆಳಕು ಕುಗ್ಗುವ ಈ ದಿನಗಳಲ್ಲಿ ಅವರೂ ಅಗಲಿದವರನ್ನು ನೆನೆಯುತ್ತಾರಂತೆ ಎಂದೆ. ಸುಮ್ಮನಾದರು.

ಊರಿನ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಚರ್ಚು ತನ್ನ ಸಭಾಂಗಣವನ್ನು ಇವರಿಗೆ ಬಿಟ್ಟುಕೊಟ್ಟಿತ್ತು. ನಲವತ್ತು ಜನ ಸೇರಿದ್ದರು. ನಡುವೆ ಮೇಜು, ಅದರ ಮೇಲೆ ಬಣ್ಣಬಣ್ಣದ ಜೋಳದ ತೆನೆಗಳು, ಸೇಬು, ದ್ರಾಕ್ಷಿ, ಸೀಗುಂಬಳ, ಮನೆಯಲ್ಲಿ ಸುಟ್ಟ ರೊಟ್ಟಿ, ಕಪ್ಪು ಬಿಳಿ ಎರಡು ಮೇಣದ ಬತ್ತಿ. ಪೂಜೆ ನಡೆಸಿದಾಕೆ ನಿವೃತ್ತ ಉಪಾಧ್ಯಾಯಿನಿ. ಎಲ್ಲರೂ ವರ್ತುಲವಾಗಿ ನಿಂತೊಡನೆ ನಾಲ್ಕು ದಿಕ್ಕುಗಳನ್ನು ಆಹ್ವಾನಿಸಿದರು: ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಐದನೆಯದು ಚೇತನ. ಸೇಬನ್ನು ಅಡ್ಡಲಾಗಿ ಕೊಯ್ದು ತೋರಿಸಿದಾಗ ಬೀಜಗಳ ಗೂಡು ಐದು ಮೂಲೆಯ ನಕ್ಷತ್ರವಾಗಿ ಕಂಡಿತು. ಅದೇ ಇವರ ಚಿಹ್ನೆ, ಪಂಚಭೂತಗಳ ಗುರುತು. ಮೂವತ್ತು ವರ್ಷ ಸೇಬನ್ನು ಉದ್ದಕ್ಕೇ ಕೊಯ್ದಿದ್ದ ನನಗೆ ಅದೊಂದು ಹೊಸ ನೋಟ.

ಪೂಜೆಯ ಮಾತುಗಳು ನನಗೆ ಅಷ್ಟಾಗಿ ರುಚಿಸಲಿಲ್ಲವೆಂದು ಹೇಳಿಬಿಡುತ್ತೇನೆ. ಕಾಗದ ನೋಡಿ ಓದುವ ಪ್ರಾರ್ಥನೆಗೆ ನಾಲಗೆಯಲ್ಲಿ ತಲೆಮಾರುಗಳಿಂದ ಉರುಳಿಬಂದ ಮಂತ್ರದ ನುಣುಪಿಲ್ಲ. ಕೊಳಲೂದಿದ ಯುವಕನಿಗೆ ಇನ್ನೂ ಅಭ್ಯಾಸ ಸಾಲದು. ಆದರೆ ಅದಾದ ಮೇಲೆ ಒಂದು ಹಳೆಯ ತಕ್ಕಡಿಯನ್ನು ಮೇಜಿನ ಮೇಲಿಟ್ಟರು. ಒಬ್ಬೊಬ್ಬರಿಗೂ ಎರಡೆರಡು ಒಣ ಅವರೆ ಕಾಳು. ಈ ವರ್ಷ ಕೈಗೆ ಬಂದುದಕ್ಕಾಗಿ ಒಂದು ತಟ್ಟೆಯಲ್ಲಿ, ಕೈಬಿಟ್ಟುದಕ್ಕಾಗಿ ಇನ್ನೊಂದರಲ್ಲಿ ಹಾಕಬೇಕು. ಬಾಯಿ ಬಿಟ್ಟು ಹೇಳಿದರೂ ಸರಿ, ಹೇಳದಿದ್ದರೂ ಸರಿ. ಮೊಮ್ಮಗು ಹುಟ್ಟಿತೆಂದು ಒಬ್ಬರು ಹೇಳಿದರು. ಎಪ್ಪತ್ತು ದಾಟಿದ ರೈತರೊಬ್ಬರು ಮೊದಲನೆಯ ಕಾಳನ್ನು ಹಾಕಲಿಲ್ಲ. ಎರಡನೆಯದನ್ನು ಹಾಕುತ್ತ, ಸೋಯಾ ಬೆಳೆಯುತ್ತಿದ್ದ ಜಮೀನನ್ನು ವಸಂತದಲ್ಲಿ ಮಾರಿದೆನೆಂದು ಮಾತ್ರ ನುಡಿದು ತಮ್ಮ ಜಾಗಕ್ಕೆ ಮರಳಿದರು. ನನ್ನ ಕೈಗೂ ಕಾಳು ಬಂದಿತು. ನಮ್ಮ ಗದ್ದೆಗಳನ್ನು ನೆನೆದು ನಾನೂ ಎರಡನೆಯ ತಟ್ಟೆಗೇ ಹಾಕಿದೆ. ಏನೂ ಹೇಳಲಿಲ್ಲ.

ರೊಟ್ಟಿಯನ್ನೂ ಸೇಬಿನ ರಸವನ್ನೂ ಹಂಚಿಕೊಂಡರು. ಅದಕ್ಕೂ ಮೊದಲು ರೊಟ್ಟಿಯ ಒಂದು ತುಂಡನ್ನು ಹೊರಗೆ ಮಣ್ಣಿನಲ್ಲಿಟ್ಟು ಬಂದರು. ನಮ್ಮಲ್ಲಿ ಚರಗ ಚೆಲ್ಲುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಬಾಗಿಲ ಬಳಿಯ ಪೆಟ್ಟಿಗೆಗಳಲ್ಲಿ ಎಲ್ಲರೂ ತಂದಿದ್ದ ಡಬ್ಬಿಯ ಆಹಾರ ತುಂಬಿತ್ತು. ಅದು ಊರಿನ ಬಡವರ ಅನ್ನಭಂಡಾರಕ್ಕೆ. ಈ ಋತುವಿನಲ್ಲಿ ಅಮೆರಿಕದ ಹಲವು ನಗರಗಳಲ್ಲಿ ನಡೆಯುವ ‘ಪೇಗನ್ ಪ್ರೈಡ್’ ದಿನಗಳಲ್ಲಿಯೂ ಆಹಾರ ಸಂಗ್ರಹಿಸುವುದು ಕ್ರಮವಾಗಿದೆ.

ಊಟದ ಹೊತ್ತಿಗೆ ನೆರೆಮನೆಯಾಕೆ ಒಂದು ಬುಟ್ಟಿಯಿಂದ ಆಲೂಗಡ್ಡೆಯ ಆಕಾರದ ಹಸಿರು ಹಣ್ಣುಗಳನ್ನು ತೆಗೆದರು. ಹೆಸರು ಪಾಪಾ. ಕೊಯ್ದಾಗ ಒಳಗೆ ಹಳದಿಯ ಬೆಣ್ಣೆಯಂಥ ತಿರುಳು, ಕಂದು ಬಣ್ಣದ ದೊಡ್ಡ ಬೀಜಗಳು. ಬಾಯಿಗಿಟ್ಟೊಡನೆ ನಾನು ಸೀತಾಫಲವೆಂದು ಕನ್ನಡದಲ್ಲಿಯೇ ಕೂಗಿಬಿಟ್ಟೆ. ಸಸ್ಯಶಾಸ್ತ್ರ ಅದನ್ನು ಒಪ್ಪುತ್ತದೆ: ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಉಷ್ಣವಲಯದ ಆ ದೊಡ್ಡ ಕುಟುಂಬದಿಂದ ಉತ್ತರದ ಹಿಮಕ್ಕೆ ಅಂಜದೆ ಬಂದು ನೆಲೆಸಿದ ಗಿಡವಿದು. ಓಹಾಯೋ ಇದನ್ನು 2009ರಲ್ಲಿ ರಾಜ್ಯದ ನಾಡಹಣ್ಣೆಂದು ಘೋಷಿಸಿದೆ; 1999ರಿಂದ ಇದಕ್ಕಾಗಿ ಸೆಪ್ಟೆಂಬರಿನಲ್ಲಿ ಜಾತ್ರೆಯೇ ನಡೆಯುತ್ತದೆ. ಹಣ್ಣು ಎರಡು ಮೂರು ದಿನಗಳಲ್ಲಿ ಮೆತ್ತಗಾಗುವುದರಿಂದ ಅಂಗಡಿಗೆ ಬರುವುದಿಲ್ಲ. ಬೇಕಾದವರು ಹೊಳೆಯ ದಂಡೆಗೆ ಹೋಗಬೇಕು.

‘ನಿಮ್ಮ ಹಬ್ಬದಲ್ಲಿ ಇಲ್ಲಿ ಬೆಳೆದದ್ದು ಏನನ್ನು ಇಡುತ್ತೀರಿ?’ ಎಂದು ಆಕೆ ಸಹಜವಾಗಿ ಕೇಳಿದರು. ಯೋಚಿಸಿದೆ. ತೆಂಗಿನಕಾಯಿ ಮೆಕ್ಸಿಕೋದ್ದು, ಬಾಳೆಹಣ್ಣು ಗ್ವಾಟೆಮಾಲಾದ್ದು, ವೀಳ್ಯದೆಲೆ ವಿಮಾನದಲ್ಲಿ ಬಂದದ್ದು, ಬೊಂಬೆಗಳು ಚನ್ನಪಟ್ಟಣದವು.

ಪಂಚಾಂಗದ ಮಾತನ್ನೂ ಇಲ್ಲಿ ಎತ್ತಬೇಕು. ವಿಷುವದಂದು ಸೂರ್ಯ ತುಲಾರಾಶಿಯನ್ನು ಸೇರುವನೆಂದು ಪಾಶ್ಚಾತ್ಯ ಜ್ಯೋತಿಷ ಹೇಳುತ್ತದೆ. ತುಲೆಯೆಂದರೆ ತಕ್ಕಡಿ, ಹಗಲಿರುಳು ಸರಿತೂಗುವ ದಿನಕ್ಕೆ ತಕ್ಕ ಹೆಸರೇ. ನಮ್ಮ ಪಂಚಾಂಗದಲ್ಲಿ ತುಲಾ ಸಂಕ್ರಮಣ ಅಕ್ಟೋಬರ್ 17ರ ಸುಮಾರಿಗೆ ಬರುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವುದು ಅಂದೇ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತಿರುಗುವುದರಿಂದ ವಿಷುವ ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೊಂದು ದಿನದಂತೆ ಹಿಂದೆ ಸರಿಯುತ್ತದೆ. ನಕ್ಷತ್ರಗಳನ್ನು ಹಿಡಿದು ಎಣಿಸುವ ನಮಗೂ ಋತುವನ್ನು ಹಿಡಿದು ಎಣಿಸುವ ಅವರಿಗೂ ಸುಮಾರು ಸಾವಿರದ ಏಳುನೂರು ವರ್ಷಗಳಲ್ಲಿ 24 ದಿನಗಳ ಅಂತರ ಬಿದ್ದಿದೆ. ಮೇಘನಾದ ಸಾಹಾ ಅವರ ಸಮಿತಿಯ ಸಲಹೆಯಂತೆ 1957ರಲ್ಲಿ ಜಾರಿಗೆ ಬಂದ ಭಾರತದ ರಾಷ್ಟ್ರೀಯ ಪಂಚಾಂಗದಲ್ಲಿ ಆಶ್ವಿನ ಮಾಸ ಸೆಪ್ಟೆಂಬರ್ 23ಕ್ಕೆ, ವಿಷುವಕ್ಕೆ ಹೊಂದಿಕೊಂಡೇ, ಮೊದಲಾಗುತ್ತದೆ. ಆಕಾಶವಾಣಿಯಲ್ಲಿ ಆ ತಾರೀಖನ್ನು ಕೇಳಿದ್ದೇವೆಯೇ ಹೊರತು ಅದನ್ನು ನೋಡಿ ಹಬ್ಬ ಮಾಡಿದವರು ಯಾರೂ ಇಲ್ಲ.

ಪೇಗನ್ನರು ಇದರಲ್ಲಿ ನಿಷ್ಠುರರು. ಆಸ್ಟ್ರೇಲಿಯದಲ್ಲಿ ಅವರಲ್ಲಿ ಬಹುಪಾಲು ಜನ ಶರತ್ ವಿಷುವವನ್ನು ಮಾರ್ಚಿಯಲ್ಲಿ ಆಚರಿಸುತ್ತಾರೆ, ಏಕೆಂದರೆ ಅಲ್ಲಿ ಎಲೆ ಉದುರುವುದು ಆಗ. ಅದೇ ಆಸ್ಟ್ರೇಲಿಯದಲ್ಲಿ ನಮ್ಮವರು ಮಕರ ಸಂಕ್ರಾಂತಿಯ ಎಳ್ಳನ್ನು ಕಡುಬೇಸಗೆಯಲ್ಲಿ ಹಂಚುತ್ತಾರೆ. ಮೈಗೆ ಎಣ್ಣೆಯ ಅಂಶ ಬೇಕಾದ ಚಳಿಗೆಂದು ಹಿರಿಯರು ಮಾಡಿದ ಎಳ್ಳು ಅದು! ಅವರು ಕಾಲ ಕೆಳಗಿನ ನೆಲವನ್ನು ನೋಡಿ ಹಬ್ಬ ಮಾಡುತ್ತಾರೆ. ನಾವು ಬಿಟ್ಟುಬಂದ ನೆಲವನ್ನು ನೆನೆದು ಮಾಡುತ್ತೇವೆ. ಎರಡರಲ್ಲಿ ಯಾವುದು ಮೇಲೆಂದು ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಪಂಚಾಂಗವನ್ನು ಬದಲಿಸಿದರೆ ನನ್ನ ತಮ್ಮನೂ ನಾನೂ ಒಂದೇ ದಿನ ಹಬ್ಬ ಮಾಡುವ ಭಾಗ್ಯ ತಪ್ಪುತ್ತದೆ. ಅದಕ್ಕೆ ನಾನು ಸಿದ್ಧಳಿಲ್ಲ. ಆದರೆ ನೈವೇದ್ಯದ ತಟ್ಟೆಗೆ ಪಂಚಾಂಗದ ಕಟ್ಟಳೆ ಇಲ್ಲವಲ್ಲ.

ಈ ಲೇಖನ ಬರೆಯುತ್ತೇನೆಂದಾಗ ನೆರೆಮನೆಯಾಕೆ ಸಂತೋಷಪಟ್ಟರು; ಮರುಕ್ಷಣವೇ, ತಮ್ಮ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ಬರೆಯಬಾರದೆಂದು ಕೇಳಿಕೊಂಡರು. ಕೆಲಸದ ಜಾಗದಲ್ಲಿ ಆಕೆಯ ನಕ್ಷತ್ರದ ಪದಕ ಅಂಗಿಯ ಒಳಗಿರುತ್ತದೆ. ಹಿಂದೆ ಒಂದೆಡೆ ಅದು ಹೊರಗೆ ಕಂಡ ಮೇಲೆ ಜೊತೆಯವರು ಊಟಕ್ಕೆ ಬೇರೆ ಮೇಜು ಹುಡುಕಿಕೊಂಡರಂತೆ. ಕಾನೂನು ಇವರ ಪರವಾಗಿಯೇ ಇದೆ: ವಿಕ್ಕಾ ಒಂದು ಧರ್ಮವೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 1986ರಲ್ಲಿಯೇ ಒಪ್ಪಿದೆ. ಆದರೂ 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಮಡಿದ ಸಾರ್ಜೆಂಟ್ ಪ್ಯಾಟ್ರಿಕ್ ಸ್ಟೂವರ್ಟ್ ಅವರ ಸ್ಮಾರಕದ ಮೇಲೆ ಐದು ಮೂಲೆಯ ನಕ್ಷತ್ರವನ್ನು ಕೆತ್ತಿಸಲು ಅವರ ಪತ್ನಿ ಹೋರಾಡಬೇಕಾಯಿತು. ಯೋಧರ ಸ್ಮಾರಕಗಳಿಗೆ ಸರಕಾರ ಒಪ್ಪಿರುವ ಚಿಹ್ನೆಗಳ ಪಟ್ಟಿಗೆ ಅದು ಸೇರಿದುದು 2007ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸಿನ 2021ರ ಜನಗಣತಿಯಲ್ಲಿ ಸುಮಾರು 74,000 ಜನ ಪೇಗನ್ನರೆಂದು ಬರೆಸಿದ್ದಾರೆ. ಬರೆಸದವರೂ ಇರಬೇಕೆಂದು ಆಕೆಯನ್ನು ನೋಡಿದಾಗ ನನಗನ್ನಿಸುತ್ತದೆ. ಹಣೆಯಲ್ಲಿ ಕುಂಕುಮವಿಟ್ಟು ಕಚೇರಿಗೆ ಹೋಗಲು ಹಿಂಜರಿದ ನಮ್ಮ ಹೆಣ್ಣುಮಕ್ಕಳಿಗೆ ಈ ಸಂಕೋಚ ಹೊಸದಲ್ಲ.

2025ರ ಸೆಪ್ಟೆಂಬರ್ 22, ಕಾಕತಾಳೀಯವೆಂಬಂತೆ, ಆಶ್ವಯುಜ ಶುದ್ಧ ಪಾಡ್ಯವೂ ಆಗಿತ್ತು. ವಿಷುವದ ಗಳಿಗೆ ನಮ್ಮಲ್ಲಿ ಮಧ್ಯಾಹ್ನ ಎರಡು ಗಂಟೆ ಹತ್ತೊಂಬತ್ತು ನಿಮಿಷಕ್ಕೆ. ಬೆಳಗ್ಗೆ ಪಟ್ಟದ ಬೊಂಬೆಗಳನ್ನಿಟ್ಟು ಕಲಶ ಸ್ಥಾಪಿಸಿದೆವು. ಸಂಜೆ ಅರಿಸಿನ ಕುಂಕುಮಕ್ಕೆ ಬಂದ ನೆರೆಮನೆಯಾಕೆ, ಕೋಸಂಬರಿ ಮತ್ತು ತೆಂಗಿನಕಾಯಿಯ ನಡುವೆ ಎರಡು ಪಾಪಾ ಹಣ್ಣುಗಳನ್ನು ಕಂಡು ನಕ್ಕರು; ಒಂದಾಗಲೇ ಕಪ್ಪಾಗತೊಡಗಿತ್ತು. ಬೀಜಗಳನ್ನು ಒಣಗಲು ಬಿಡಬಾರದು, ಒದ್ದೆ ಪಾಚಿಯಲ್ಲಿ ಸುತ್ತಿ ಮೂರು ತಿಂಗಳ ಮೇಲೆ ಫ್ರಿಜ್ಜಿನಲ್ಲಿ ಚಳಿ ತೋರಿಸಿದ ಮೇಲೆಯೇ ಬಿತ್ತಬೇಕು ಎಂದು ಹೇಳಿಕೊಟ್ಟರು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ನವರಾತ್ರಿ ಅಕ್ಟೋಬರ್ 11ಕ್ಕೆ ಸರಿಯುತ್ತದೆ. ವಿಷುವ ಇಲ್ಲಿಯ ಗಡಿಯಾರದಂತೆ ಸೆಪ್ಟೆಂಬರ್ 22ರ ರಾತ್ರಿ ಎಂಟು ಗಂಟೆಯ ಸುಮಾರಿಗೆ. ಅವರ ಹಬ್ಬಕ್ಕೆ ಚಿತ್ರಾನ್ನ ತರುವೆನೆಂದು ಒಪ್ಪಿಕೊಂಡಿದ್ದೇನೆ.